ಟಿವಿ ಅಗ್ಗವಾಯಿತು, ನೋಡುವುದು ದುಬಾರಿಯಾಯಿತು

ದೇಶದಲ್ಲಿ ಬೆಲೆ ಎಷ್ಟು ಏರಿದೆ ಎಂದು ಅಳೆಯಲು ಕೇಂದ್ರದ ಅಂಕಿಅಂಶ ಸಚಿವಾಲಯ ಒಂದು ಪಟ್ಟಿ ಇಟ್ಟುಕೊಂಡಿದೆ. ಅಕ್ಕಿ, ಬೇಳೆ, ಬಸ್ ಚಾರ್ಜು, ಸ್ಕೂಲ್ ಫೀಸು, ಹೀಗೆ ಜನ ಯಾವ ಯಾವುದಕ್ಕೆ ದುಡ್ಡು ಹಾಕುತ್ತಾರೋ ಅದೆಲ್ಲ ಆ ಪಟ್ಟಿಯಲ್ಲಿರುತ್ತದೆ. 2012 ಮೂಲ ವರ್ಷವಾಗಿದ್ದ, ಅಂದರೆ ಆ ವರ್ಷದ ಬೆಲೆಗೆ ಹೋಲಿಸಿ ಲೆಕ್ಕ ಹಾಕುತ್ತಿದ್ದ ಹಳೇ ಪಟ್ಟಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್, ವಿಸಿಆರ್, ಡಿವಿಡಿ ಪ್ಲೇಯರ್, ಕ್ಯಾಸೆಟ್ ಎಲ್ಲ ಇನ್ನೂ ಉಳಿದುಕೊಂಡಿದ್ದವು. 2024 ಮೂಲ ವರ್ಷವಾಗಿರುವ ಹೊಸ ಪಟ್ಟಿಯಲ್ಲಿ ಅವಕ್ಕೆ ಜಾಗ ಇಲ್ಲ. ಬದಲಿಗೆ ಇಂಟರ್ನೆಟ್ ಮೂಲಕ ಸಿನಿಮಾ, ಧಾರಾವಾಹಿ ತೋರಿಸುವ ಓಟಿಟಿಗಳ ಚಂದಾ, ಪೆನ್‌ಡ್ರೈವ್ ಸೇರಿಕೊಂಡಿವೆ.

ಮೇಲ್ನೋಟಕ್ಕೆ ಸಾಮಾನು ಬದಲಾಗಿದೆ, ಅಷ್ಟೇ ಅನ್ನಿಸುತ್ತದೆ. ಆದರೆ ಅದರ ಜೊತೆಗೆ ದುಡ್ಡು ಕೊಡುವ ರೀತಿಯೂ ಬದಲಾಗಿದೆ. ಮೊದಲು ಒಂದು ಸಲ ದೊಡ್ಡ ಮೊತ್ತ ಕೊಟ್ಟು ವಸ್ತು ತರುತ್ತಿದ್ದೆವು. ಆಮೇಲೆ ಹತ್ತು ಹದಿನೈದು ವರ್ಷ ಹೆಚ್ಚಿನ ಖರ್ಚಿರಲಿಲ್ಲ. ಈಗ ವಸ್ತು ಅಗ್ಗ. ಅದರಲ್ಲಿ ಏನಾದರೂ ನೋಡಬೇಕು ಎಂದರೆ ಮಾತ್ರ ತಿಂಗಳು ತಿಂಗಳೂ ಕೊಡುತ್ತಲೇ ಇರಬೇಕು. ಅದೂ ಒಂದೇ ಬಿಲ್ಲಿನಲ್ಲಿ ಬರುವುದಿಲ್ಲ. ಒಂದಿಷ್ಟು ಕೇಬಲ್‌ನವರಿಗೆ, ಒಂದಿಷ್ಟು ಮೊಬೈಲ್ ರೀಚಾರ್ಜ್‌ಗೆ, ಒಂದಿಷ್ಟು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತ. ಒಟ್ಟು ಎಷ್ಟಾಯಿತು ಎನ್ನುವುದು ಮನೆಯವರಿಗೂ ತಿಳಿಯುವುದಿಲ್ಲ, ಸರ್ಕಾರದ ಸಮೀಕ್ಷೆಯಲ್ಲೂ ಸರಿಯಾಗಿ ಕಾಣುವುದಿಲ್ಲ. ಕಣ್ಣಿಗೆ ಬೀಳದ ಖರ್ಚಿನ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ನನಗೆ ಆತಂಕ ಇರುವುದು ಅಲ್ಲೇ.

ವರ್ಷಕ್ಕೆ 15 ರೂಪಾಯಿಯ ಕಾಲ

ರೇಡಿಯೋ ಇಟ್ಟುಕೊಳ್ಳಲು ಒಂದು ಕಾಲದಲ್ಲಿ ಲೈಸೆನ್ಸ್ ಬೇಕಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಂಚೆ ಕಚೇರಿಗೆ ಹೋಗಬೇಕು, ವರ್ಷಕ್ಕೆ 15 ರೂಪಾಯಿ ಕಟ್ಟಬೇಕು, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. ಟಿವಿಗೂ ಹೀಗೇ, ಅದಕ್ಕೆ ಶುಲ್ಕ ಜಾಸ್ತಿ. 1980ರ ದಶಕದ ಮಧ್ಯಭಾಗದ ಹೊತ್ತಿಗೆ ಈ ಪದ್ಧತಿ ಪೂರ್ತಿ ನಿಂತುಹೋಯಿತು. ಆ ಪುಸ್ತಕದಿಂದ ಒಂದು ಅನುಕೂಲವಂತೂ ಇತ್ತು. ಹಾಡು, ವಾರ್ತೆ, ನಾಟಕ ಕೇಳಲು ಮನೆಯಿಂದ ವರ್ಷಕ್ಕೆ ಇಷ್ಟು ಹೋಗುತ್ತದೆ ಎಂದು ಬರಹದಲ್ಲಿ ಇರುತ್ತಿತ್ತು.

ಕರ್ನಾಟಕಕ್ಕೆ ಟಿವಿ ಬಂದ ದಾರಿಯೂ ಸ್ವಲ್ಪ ಬೇರೆ. ರಾಜಧಾನಿಗಿಂತ ಮೊದಲು ಅದನ್ನು ನೋಡಿದವರು ಉತ್ತರ ಕರ್ನಾಟಕದ ಹಳ್ಳಿ ಜನ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. ಅದರಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಊರಿಗೆ ಒಂದು ಸೆಟ್, ಎಲ್ಲರೂ ಕೂತು ನೋಡುವುದು, ಕನ್ನಡದಲ್ಲೇ ಕಾರ್ಯಕ್ರಮ. ನೋಡುವವರ ಜೇಬಿನಿಂದ ಒಂದು ಪೈಸೆಯೂ ಹೋಗಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ರಂದು.

ಮರುವರ್ಷವೇ ದೆಹಲಿ ಏಷ್ಯನ್ ಗೇಮ್ಸ್, ಅದರ ಜೊತೆಗೆ ಕಲರ್ ಪ್ರಸಾರ. ಅಲ್ಲಿಂದ ಟಿವಿ ಕೊಳ್ಳುವ ಆಸೆ ಮಧ್ಯಮ ವರ್ಗದ ಮನೆಗಳಲ್ಲಿ ಬೇರು ಬಿಟ್ಟಿತು. ಆ ಆಸೆಗೆ ಎಷ್ಟು ದುಡ್ಡು ಬೇಕಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. 1986ರಲ್ಲಿ ಜಾರಿಗೆ ಬಂದ ನಾಲ್ಕನೇ ವೇತನ ಆಯೋಗದಲ್ಲಿ ಕೇಂದ್ರ ಸರ್ಕಾರಿ ನೌಕರನ ಕನಿಷ್ಠ ಮೂಲವೇತನ ತಿಂಗಳಿಗೆ 750 ರೂಪಾಯಿ. ಕಲರ್ ಟಿವಿಗೆ ಆಗ ಹತ್ತು ಸಾವಿರದ ಆಸುಪಾಸು. ಅಂದರೆ ಮೂಲವೇತನದ ಪ್ರತಿ ಪೈಸೆ ಎತ್ತಿಟ್ಟರೂ ಒಂದು ವರ್ಷಕ್ಕಿಂತ ಜಾಸ್ತಿ ದುಡಿಯಬೇಕು. ಅದಕ್ಕೇ ಹೆಚ್ಚಿನ ಮನೆಗಳು ಕಪ್ಪು ಬಿಳುಪಿನಲ್ಲೇ ತೃಪ್ತಿಪಟ್ಟವು. ಅದನ್ನೂ ಕಂತಿನಲ್ಲಿ ತಂದವರು ಎಷ್ಟೋ ಜನ, ಚೀಟಿ ಎತ್ತಿ ತಂದವರು ಎಷ್ಟೋ ಜನ.

ಈಗಿನ ಲೆಕ್ಕ ನೋಡಿ. 2016ರಿಂದ ಜಾರಿಯಾದ ಏಳನೇ ವೇತನ ಆಯೋಗದಲ್ಲಿ ಕನಿಷ್ಠ ಮೂಲವೇತನ 18,000. 32 ಇಂಚಿನ ಎಲ್‌ಇಡಿ ಟಿವಿ ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಸಂಬಳ ಬೇಡುತ್ತಿದ್ದ ವಸ್ತು ಇವತ್ತು ಇಪ್ಪತ್ತು ದಿನದ ಸಂಬಳಕ್ಕೆ ಬಂದಿದೆ. ತೆರಿಗೆಯೂ ಇಳಿದಿದೆ. 32 ಇಂಚಿನವರೆಗಿನ ಟಿವಿಯ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ 28ರಿಂದ 18ಕ್ಕೆ ಬಂತು, ದೊಡ್ಡ ಟಿವಿಗಳದ್ದು 2025ರ ಸೆಪ್ಟೆಂಬರ್ 22ರಿಂದ. ಇದು ನಿಜವಾಗಿಯೂ ಒಳ್ಳೇ ಸುದ್ದಿ, ಇದನ್ನು ಯಾರೂ ಕಡೆಗಣಿಸಬಾರದು. 2001ರ ಜನಗಣತಿಯಲ್ಲಿ ದೇಶದ ಶೇ 31.6ರಷ್ಟು ಮನೆಗಳಲ್ಲಿ ಮಾತ್ರ ಟಿವಿ ಇತ್ತು. 2011ರಲ್ಲಿ ಅದು ಶೇ 47.2. ಅದೇ ಹತ್ತು ವರ್ಷದಲ್ಲಿ ರೇಡಿಯೋ ಇದ್ದ ಮನೆಗಳು ಶೇ 35.1ರಿಂದ 19.9ಕ್ಕೆ ಇಳಿದವು.

ಹಾಡು ಕೇಳುವ ಖರ್ಚಿನ ಕಥೆ ಚಿಕ್ಕದು. ಎಂಬತ್ತು, ತೊಂಬತ್ತರ ದಶಕದಲ್ಲಿ ಭಾವಗೀತೆ, ಭಕ್ತಿಗೀತೆ, ಸಿನಿಮಾ ಹಾಡಿನ ಕ್ಯಾಸೆಟ್‌ಗೆ ಪ್ರತಿ ಮನೆಯಲ್ಲೂ ಒಂದು ಪಾಲು ಹೋಗುತ್ತಿತ್ತು. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಆ ಖರ್ಚು ಇವತ್ತು ಹೆಚ್ಚು ಕಡಿಮೆ ಸೊನ್ನೆ. ಹಾಡು ಜಾಹೀರಾತಿನ ಜೊತೆ ಪುಕ್ಕಟೆ ಬರುತ್ತದೆ, ಅದನ್ನು ಹೊತ್ತು ತರುವ ಡೇಟಾಗೆ ಮಾತ್ರ ದುಡ್ಡು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಿಂಗಳ ಬಿಲ್ ಮನೆಗೆ ಬಂದದ್ದು

ಟಿವಿಗೆ ತಿಂಗಳ ಖರ್ಚು ಎನ್ನುವುದು ಶುರುವಾದದ್ದು ಕೇಬಲ್‌ನಿಂದ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಉಪಗ್ರಹ ಚಾನೆಲ್‌ಗಳು ದೊಡ್ಡ ಊರುಗಳಿಗೆ ಬಂದವು. 1994ರ ಜೂನ್‌ನಲ್ಲಿ ಉದಯ ಟಿವಿ ಬಂದ ಮೇಲೆ ಕೇಬಲ್ ಕನ್ನಡದವರ ಮನೆಯ ಅಗತ್ಯವೇ ಆಗಿಬಿಟ್ಟಿತು. ಮೊದಮೊದಲು ತಿಂಗಳಿಗೆ ಐವತ್ತು ನೂರು ರೂಪಾಯಿ. ಕೇಬಲ್ ಹುಡುಗ ತಿಂಗಳ ಮೊದಲ ವಾರ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಿದ್ದ. ಮನೆಯೊಡತಿ ದುಡ್ಡು ಕೊಡುವಾಗ ಎರಡು ದಿನ ಚಾನೆಲ್ ಬರಲಿಲ್ಲ ಎಂದು ಜಗಳ ತೆಗೆದು ಇಪ್ಪತ್ತು ರೂಪಾಯಿ ಹಿಡಿದುಕೊಳ್ಳುತ್ತಿದ್ದಳು. ಚಿಕ್ಕ ವಿಷಯ ಎನ್ನಿಸಬಹುದು. ಆದರೆ ಗ್ರಾಹಕ ಎದುರು ನಿಂತು ಚೌಕಾಸಿ ಮಾಡಬಹುದಾದ ವ್ಯವಸ್ಥೆ ಅದಾಗಿತ್ತು.

ಡಿಜಿಟಲ್ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಅದು ಹೋಯಿತು. ಬೆಂಗಳೂರು, ಮೈಸೂರಿನಲ್ಲಿ 2013ರ ಮಾರ್ಚ್ ಕೊನೆಗೆ ಬಾಕ್ಸ್ ಕಡ್ಡಾಯ ಆಯಿತು, ಆಮೇಲೆ ಉಳಿದ ಊರುಗಳಲ್ಲಿ. ಚಿತ್ರ ಸ್ಪಷ್ಟ ಆಯಿತು, ಚಾನೆಲ್ ಜಾಸ್ತಿ ಆದವು. ಜೊತೆಗೆ ದುಡ್ಡು ಮೊದಲೇ ಕಟ್ಟಬೇಕು ಎಂಬ ನಿಯಮವೂ ಬಂತು.

2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ. ನೋಡುವ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ, ನೋಡದ್ದಕ್ಕೆ ಬೇಡ ಎನ್ನುವುದು. ಆದರೆ ಲೆಕ್ಕ ಹೀಗಾಯಿತು. ಬರೀ ಸಂಪರ್ಕಕ್ಕೆ 130 ರೂಪಾಯಿ, ಜಿಎಸ್‌ಟಿ ಸೇರಿ 153.40. ಇದರಲ್ಲಿ ಸಿಗುವುದು 100 ಚಾನೆಲ್‌ಗಳ ಜಾಗ, ಅದಕ್ಕೆ ಬರುವುದು ಉಚಿತ ಚಾನೆಲ್‌ಗಳು. ಹೆಚ್ಚು ಜನ ನೋಡುವ ಎಷ್ಟೋ ಚಾನೆಲ್‌ಗಳ ಬೆಲೆ ಮಿತಿಯ ಅಂಚಿಗೆ, ಅಂದರೆ 19 ರೂಪಾಯಿಗೆ ಬಂದು ನಿಂತಿತು. ತೆರಿಗೆ ಸೇರಿದರೆ ಒಂದಕ್ಕೆ 22 ರೂಪಾಯಿ 42 ಪೈಸೆ. ಧಾರಾವಾಹಿಗೆ ಎರಡು, ಸಿನಿಮಾಕ್ಕೆ ಒಂದು, ಕ್ರಿಕೆಟ್‌ಗೆ ಒಂದು, ಮಕ್ಕಳಿಗೆ ಒಂದು ಎಂದು ಐದು ಆರಿಸಿಕೊಂಡರೂ ತಿಂಗಳಿಗೆ 265 ರೂಪಾಯಿ 50 ಪೈಸೆ. ಮೊದಲು ಇದಕ್ಕಿಂತ ಕಡಿಮೆಗೆ ಎಲ್ಲ ಚಾನೆಲ್‌ಗಳೂ ಬರುತ್ತಿದ್ದ ಮನೆಗಳು ಎಷ್ಟೋ ಇದ್ದವು. ಬಿಡಿಬಿಡಿಯಾಗಿ ಆರಿಸುವ ಕಷ್ಟ ಬೇಡ ಎಂದು ಜನ ಮತ್ತೆ ಪ್ಯಾಕ್‌ಗೇ ಹೋದರು.

ಮುಂದಿನ ವರ್ಷ ಟ್ರಾಯ್ ನಿಯಮ ತಿದ್ದಿತು, ಅದೇ 130 ರೂಪಾಯಿಗೆ 200 ಚಾನೆಲ್ ಕೊಡಬೇಕು ಎಂದಿತು. 2024ರ ಜುಲೈನಲ್ಲಿ ಸಂಪರ್ಕ ಶುಲ್ಕದ ಮಿತಿಯನ್ನೇ ತೆಗೆದುಹಾಕಿತು. ಈಗ ಅದನ್ನು ಕೇಬಲ್ ಮತ್ತು ಡಿಟಿಎಚ್ (ಮನೆಯ ಡಿಶ್‌ಗೆ ನೇರವಾಗಿ ಚಾನೆಲ್ ಕೊಡುವ) ಕಂಪನಿಗಳೇ ನಿಗದಿ ಮಾಡಿಕೊಳ್ಳಬಹುದು.

ಅಷ್ಟು ಹೊತ್ತಿಗೆ ಜನ ಡಿಶ್ ಬಿಡಲು ಶುರು ಮಾಡಿದ್ದರು. ದೇಶದಲ್ಲಿ ದುಡ್ಡು ಕಟ್ಟುವ ಡಿಟಿಎಚ್ ಚಂದಾದಾರರು 2021ರಲ್ಲಿ 7 ಕೋಟಿಯ ಹತ್ತಿರ ಇದ್ದರು. 2024ರ ಮಾರ್ಚ್‌ಗೆ ಅದು 6.2 ಕೋಟಿಗೆ ಇಳಿದಿತ್ತು. ಬಿಟ್ಟವರಲ್ಲಿ ಬಹಳ ಮಂದಿ ಅದೇ ಧಾರಾವಾಹಿ, ಅದೇ ಪಂದ್ಯವನ್ನು ಈಗ ಫೋನಿನಲ್ಲಿ ನೋಡುತ್ತಾರೆ.

ವರ್ಷಕ್ಕೆ ಹದಿಮೂರು ತಿಂಗಳು

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ಅದಕ್ಕೆ ಮೊದಲು 1 ಜಿಬಿ ಡೇಟಾಗೆ ಇನ್ನೂರು ರೂಪಾಯಿಯ ಮೇಲೆ ಹೋಗುತ್ತಿತ್ತು. ಒಂದು ಸಿನಿಮಾ ಡೌನ್‌ಲೋಡ್ ಮಾಡಲು ಯೋಚನೆ ಮಾಡಬೇಕಿತ್ತು. ಹೊಸ ಕಂಪನಿ 2017ರ ಮಾರ್ಚ್ ಕೊನೆಯವರೆಗೂ ಪುಕ್ಕಟೆ ಕೊಟ್ಟಿತು, ಉಳಿದವರೂ ದರ ಇಳಿಸಲೇಬೇಕಾಯಿತು. ಈಗ ಒಬ್ಬ ಮೊಬೈಲ್ ಗ್ರಾಹಕ ತಿಂಗಳಿಗೆ ಸರಾಸರಿ 20 ಜಿಬಿಗಿಂತ ಜಾಸ್ತಿ ಬಳಸುತ್ತಾನೆ.

ಈ 20 ಜಿಬಿ ಎಲ್ಲಿಗೆ ಹೋಗುತ್ತದೆ? ವಾಟ್ಸಾಪ್‌ನಲ್ಲಿ ದಿನವಿಡೀ ಅಕ್ಷರದ ಮೆಸೇಜ್ ಕಳಿಸಿದರೂ ತಿಂಗಳಿಗೆ 1 ಜಿಬಿ ಮುಗಿಯುವುದಿಲ್ಲ. ಯುಪಿಐ, ಬ್ಯಾಂಕ್ ಕೆಲಸ, ರೈಲ್ವೆ ಟಿಕೆಟ್, ಪಹಣಿ ನೋಡುವುದು, ಇದ್ಯಾವುದಕ್ಕೂ ಹೆಚ್ಚು ಡೇಟಾ ಬೇಡ. ಆದರೆ ಒಂದು ಗಂಟೆ ವಿಡಿಯೋ ನೋಡಿದರೆ ಅರ್ಧ ಜಿಬಿಯಿಂದ 1 ಜಿಬಿವರೆಗೆ ಹೋಗುತ್ತದೆ. ರೀಲ್ಸ್, ಯೂಟ್ಯೂಬ್, ಧಾರಾವಾಹಿ, ಕ್ರಿಕೆಟ್, ಹಾಡು. ಡೇಟಾದ ದೊಡ್ಡ ಪಾಲು ಮನರಂಜನೆಯೇ.

ಈಗ ರೀಚಾರ್ಜ್ ವಿಷಯಕ್ಕೆ ಬರೋಣ. 2024ರ ಜುಲೈನಲ್ಲಿ ಮೊಬೈಲ್ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದವು. ದಿನಕ್ಕೆ 1.5 ಜಿಬಿ ಕೊಡುವ ಜಿಯೋದ 28 ದಿನದ ಪ್ಯಾಕ್ 239ರಿಂದ 299 ಆಯಿತು. ಒಂದೇ ಏಟಿಗೆ ಶೇ 25ರಷ್ಟು ಏರಿಕೆ. ಆಮೇಲೆ ಆ 28 ದಿನ. ತಿಂಗಳ ಪ್ಯಾಕ್ ಎಂದು ನಾವು ಕರೆಯುತ್ತೇವೆ, ಆದರೆ ವರ್ಷಕ್ಕೆ 28 ದಿನದ ಅವಧಿ ಹದಿಮೂರು ಬರುತ್ತವೆ. ಸಂಬಳ ಹನ್ನೆರಡು ಸಲ, ರೀಚಾರ್ಜ್ ಹದಿಮೂರು ಸಲ. ಟ್ರಾಯ್ 2022ರಲ್ಲಿ, 30 ದಿನದ ಪ್ಯಾಕ್ ಒಂದಾದರೂ ಇಡಿ ಎಂದು ಕಂಪನಿಗಳಿಗೆ ಹೇಳಿತು. ಇಟ್ಟಿದ್ದಾರೆ. ಜನ ಮಾಡಿಸುವುದು ಮಾತ್ರ ಹೆಚ್ಚಾಗಿ 28, 56, 84 ದಿನದ್ದೇ, ಯಾಕೆಂದರೆ ಕಣ್ಣೆದುರು ಇಡುವುದು ಅದನ್ನೇ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ ಅಷ್ಟೇ, ನಿಮ್ಮ ಮನೆಯ ಅಂಕಿ ಹಾಕಿಕೊಂಡು ನೋಡಬಹುದು. ದಾವಣಗೆರೆಯಂಥ ಊರಿನಲ್ಲಿ ನಾಲ್ಕು ಜನರ ಒಂದು ಮನೆ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲ್ ಹುಡುಗ. ಮೂರು ಸ್ಮಾರ್ಟ್‌ಫೋನ್, ಮೂರಕ್ಕೂ 299ರ ಪ್ಯಾಕ್. ವರ್ಷಕ್ಕೆ ಹದಿಮೂರು ಸಲದಂತೆ 11,661 ರೂಪಾಯಿ. ಕೇಬಲ್ ಅಥವಾ ಡಿಶ್‌ಗೆ ತಿಂಗಳಿಗೆ 350 ಎಂದರೆ ವರ್ಷಕ್ಕೆ 4,200. 2025ರ ದರದಲ್ಲಿ ಜಿಯೋಹಾಟ್‌ಸ್ಟಾರ್‌ನ ವರ್ಷದ ಚಂದಾ 899, ಅಮೆಜಾನ್ ಪ್ರೈಮ್‌ಗೆ 1,499. ಒಟ್ಟು 18,259 ರೂಪಾಯಿ.

ಫೋನ್ ಬರೀ ಮನರಂಜನೆಗೆ ಅಲ್ಲವಲ್ಲ, ಅದೂ ನಿಜ. ಆದ್ದರಿಂದ ರೀಚಾರ್ಜ್‌ನಲ್ಲಿ ಅರ್ಧವನ್ನು ಮಾತ್ರ ಮನರಂಜನೆಗೆ ಹಾಕೋಣ. ಆಗಲೂ ವರ್ಷಕ್ಕೆ 12,400 ರೂಪಾಯಿಯ ಮೇಲಾಗುತ್ತದೆ. ಒಂದು 32 ಇಂಚಿನ ಹೊಸ ಟಿವಿಯ ಬೆಲೆ ಇದು. ನಾವು ಇದನ್ನು ಪ್ರತಿ ವರ್ಷ ಕೊಡುತ್ತಿದ್ದೇವೆ. ಫೋನ್ ಕೊಂಡ ದುಡ್ಡು, ಟಿವಿ ಕೊಂಡ ದುಡ್ಡು, ಕರೆಂಟ್ ಯಾವುದೂ ಇದರಲ್ಲಿ ಸೇರಿಲ್ಲ. ಮನೆಗೆ ವೈ-ಫೈ ಇದ್ದರೆ ಅದೂ ಬೇರೆ.

ಸಮೀಕ್ಷೆಗೆ ಯಾಕೆ ಕಾಣುವುದಿಲ್ಲ?

ಕುಟುಂಬಗಳ ಖರ್ಚು ವೆಚ್ಚದ ದೊಡ್ಡ ಸಮೀಕ್ಷೆಯನ್ನು ಕೇಂದ್ರ ಸರ್ಕಾರ ಮಾಡಿಸುತ್ತದೆ. 2023–24ರ ಸಮೀಕ್ಷೆ ಪ್ರಕಾರ ತಲಾ ತಿಂಗಳ ಖರ್ಚು ಹಳ್ಳಿಯಲ್ಲಿ ಸರಾಸರಿ 4,122 ರೂಪಾಯಿ, ನಗರದಲ್ಲಿ 6,996. 2011–12ರಲ್ಲಿ ಇದು 1,430 ಮತ್ತು 2,630 ಇತ್ತು. ಹನ್ನೆರಡು ವರ್ಷದಲ್ಲಿ ಊಟಕ್ಕೆ ಹೋಗುವ ಪಾಲು ಇಳಿದಿದೆ, ಬೇರೆ ಖರ್ಚುಗಳ ಪಾಲು ಏರಿದೆ. ಆದರೆ ಮನರಂಜನೆ ಎಂಬ ಸಾಲಿಗೆ ಬಂದರೆ ಆಶ್ಚರ್ಯ ಆಗುತ್ತದೆ. 2011–12ರಲ್ಲಿ ಹಳ್ಳಿಯ ಒಟ್ಟು ಖರ್ಚಿನಲ್ಲಿ ಅದರ ಪಾಲು ಶೇ 1ರ ಆಸುಪಾಸು, ನಗರದಲ್ಲಿ ಶೇ 1.6ರ ಆಸುಪಾಸು. 2022–23ರಲ್ಲೂ ಹೆಚ್ಚು ಕಡಿಮೆ ಅಷ್ಟೇ.

ಈ ನಡುವೆ ಜಿಯೋ ಬಂದಿದೆ, ಓಟಿಟಿ ಬಂದಿದೆ, ಊರೂರಿಗೆ ಸ್ಮಾರ್ಟ್‌ಫೋನ್ ಬಂದಿದೆ. ಆದರೂ ಮನರಂಜನೆಯ ಪಾಲು ಅಲುಗಾಡಿಲ್ಲವೇ? ಇದರ ಉತ್ತರ ಸಮೀಕ್ಷೆಯ ವಿಂಗಡಣೆಯಲ್ಲಿದೆ. ಸಿನಿಮಾ ಟಿಕೆಟ್, ಜಾತ್ರೆ, ಕೇಬಲ್ ಬಿಲ್ ಇಂಥವು ಮನರಂಜನೆಯ ಸಾಲಿಗೆ ಹೋಗುತ್ತವೆ. ಟಿವಿ, ಮ್ಯೂಸಿಕ್ ಸಿಸ್ಟಂ ಕೊಂಡರೆ ಬಾಳಿಕೆ ಬರುವ ವಸ್ತುಗಳ ಸಾಲಿಗೆ. ಮೊಬೈಲ್ ರೀಚಾರ್ಜ್, ಇಂಟರ್ನೆಟ್ ಬಿಲ್ ಗ್ರಾಹಕ ಸೇವೆಗಳ ಸಾಲಿಗೆ. ಮನೆಯಲ್ಲಿ ಕೂತು ನೋಡುವ, ಕೇಳುವ ಖರ್ಚಿನ ಅತಿ ದೊಡ್ಡ ಭಾಗ ಈಗ ಆ ಮೂರನೇ ಸಾಲಿನೊಳಗೆ ಇದೆ. ಅದನ್ನು ಹೊರಗೆಳೆದು ನೋಡಿದರೆ ಚಿತ್ರವೇ ಬೇರೆ. ಮೇಲಿನ ಉದಾಹರಣೆಯ ಮನೆಯಲ್ಲಿ ಅರ್ಧ ರೀಚಾರ್ಜ್ ಸೇರಿಸಿದರೆ ತಲಾ ತಿಂಗಳಿಗೆ ಸುಮಾರು 259 ರೂಪಾಯಿ. ನಗರದ ಸರಾಸರಿ ಖರ್ಚಿನಲ್ಲಿ ಅದು ಶೇ 3.7. ಅಷ್ಟೇ ಖರ್ಚು ಮಾಡುವ ಮನೆ ಹಳ್ಳಿಯಲ್ಲಿದ್ದರೆ ಅಲ್ಲಿನ ಸರಾಸರಿಯಲ್ಲಿ ಶೇ 6ರ ಮೇಲೆ.

ಲೆಕ್ಕದ ಸಾಲು ಯಾವುದಾದರೆ ಏನಂತೆ, ಕೊಡುವ ದುಡ್ಡು ಅದೇ ಅಲ್ವಾ ಎಂದು ಕೇಳಬಹುದು. ಅಷ್ಟು ಸುಲಭ ಅಲ್ಲ. ಫೋನ್ ಅಗತ್ಯ ಸೇವೆ, ಅದರ ಖರ್ಚನ್ನು ಕಡಿಮೆ ಮಾಡಲಾಗದು ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಮನರಂಜನೆ ಆ ಅಗತ್ಯದ ಬಿಲ್ಲಿನೊಳಗೆ ಸೇರಿಕೊಂಡಿರುವುದರಿಂದ ದರ ಶೇ 25ರಷ್ಟು ಏರಿದರೂ ಕೈ ಬಿಗಿ ಮಾಡಲು ಆಗುವುದಿಲ್ಲ. ಕೇಬಲ್ ಬಿಲ್ ಜಾಸ್ತಿ ಆದರೆ ಎರಡು ತಿಂಗಳು ಕಟ್ ಮಾಡಿಸಿ ಕೂರಬಹುದಿತ್ತು. ರೀಚಾರ್ಜ್ ನಿಲ್ಲಿಸಿದರೆ ಫೋನ್ ಕರೆಯೂ ಇಲ್ಲ, ಒಟಿಪಿಯೂ ಇಲ್ಲ, ಗ್ಯಾಸ್ ಬುಕಿಂಗೂ ಇಲ್ಲ.

ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. 2023, 2024ರಲ್ಲಿ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾದಲ್ಲಿ ಪುಕ್ಕಟೆ ತೋರಿಸಿದರು. 2025ರ ಫೆಬ್ರುವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಒಂದಾಯಿತು. ಆ ವರ್ಷದ ಐಪಿಎಲ್ ನೋಡಲು ಚಂದಾ ಬೇಕಾಯಿತು. ಅದೇ ಹೊತ್ತಿಗೆ 299 ಅಥವಾ ಅದಕ್ಕಿಂತ ಜಾಸ್ತಿಯ ಜಿಯೋ ರೀಚಾರ್ಜ್ ಮಾಡಿಸಿದವರಿಗೆ 90 ದಿನ ಉಚಿತ ಎಂದು ಘೋಷಿಸಿದರು. ಉಚಿತ ಎಂದು ಕಾಣುವ ಪಂದ್ಯದ ಬೆಲೆ ರೀಚಾರ್ಜ್‌ನೊಳಗೆ ಇದೆ. ಆರ್‌ಸಿಬಿ ಆಡುವಾಗ ಕರ್ನಾಟಕದಲ್ಲಿ ಯಾವ ಮನೆ ರೀಚಾರ್ಜ್ ಮಾಡಿಸದೆ ಇರುತ್ತದೆ, ಹೇಳಿ.

ದುಡ್ಡು ಕೊಟ್ಟೂ ಜಾಹೀರಾತು

ಓಟಿಟಿ ಶುರುವಾದಾಗ ಕೊಟ್ಟ ಮಾತು ಎರಡು. ಬೇಕಾದಾಗ ನೋಡಿ, ಜಾಹೀರಾತು ಇಲ್ಲದೆ ನೋಡಿ. ಎರಡನೆಯದು ಈಗ ಮೆಲ್ಲಗೆ ಹೋಗುತ್ತಿದೆ. ಪ್ರೈಮ್ ಚಂದಾ ಭಾರತಕ್ಕೆ ಬಂದಾಗ, 2016ರಲ್ಲಿ, ವರ್ಷಕ್ಕೆ 499. ಆಮೇಲೆ 999, 2021ರ ಡಿಸೆಂಬರ್‌ನಲ್ಲಿ 1,499. ಐದು ವರ್ಷದಲ್ಲಿ ಮೂರು ಪಟ್ಟು. 2025ರ ಜೂನ್‌ನಿಂದ ಆ ಚಂದಾ ಕೊಟ್ಟವರಿಗೂ ಪ್ರೈಮ್ ವಿಡಿಯೋದಲ್ಲಿ ಜಾಹೀರಾತು ಬರುತ್ತದೆ. ಅದು ಬೇಡ ಎಂದರೆ ವರ್ಷಕ್ಕೆ ಇನ್ನೂ 699 ಕೊಡಬೇಕು. ನ್ಯಾಯವಾಗಿ ಹೇಳಬೇಕೆಂದರೆ ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಇಲ್ಲಿ ದರ ಇಳಿಸಿತ್ತು. ಬೇಸಿಕ್ ಪ್ಲಾನ್ 499ರಿಂದ 199ಕ್ಕೆ ಬಂದಿತ್ತು. ಅಂಥ ಇಳಿಕೆ ಕಡಿಮೆ.

ದುಡ್ಡು ಕಡಿತವಾಗುವ ರೀತಿ ಇನ್ನೊಂದು ಸಮಸ್ಯೆ. ಒಂದು ಸಿನಿಮಾ ನೋಡಲು ಒಂದು ತಿಂಗಳಿಗೆ ಚಂದಾ ತೆಗೆದುಕೊಳ್ಳುತ್ತೇವೆ. ಆಟೋಪೇ ಒತ್ತಿರುತ್ತೇವೆ. ಸಿನಿಮಾ ಮುಗಿದ ಮೇಲೂ ತಿಂಗಳು ತಿಂಗಳೂ ಕಡಿತ ನಡೆಯುತ್ತಲೇ ಇರುತ್ತದೆ. ಆರ್‌ಬಿಐ 2021ರ ಅಕ್ಟೋಬರ್‌ನಿಂದ ಇದಕ್ಕೆ ನಿಯಮ ಮಾಡಿದೆ. ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಕಳಿಸಬೇಕು. ಆದರೆ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಿಲ್ಲ. ಮನರಂಜನೆಯ ಚಂದಾ ಎಲ್ಲವೂ ಈ ಮಿತಿಯ ಒಳಗೇ ಬರುತ್ತವೆ. ದಿನಕ್ಕೆ ನಲವತ್ತು ಮೆಸೇಜ್ ಬರುವ ಫೋನಿನಲ್ಲಿ ಆ ಒಂದು ಎಚ್ಚರಿಕೆ ಯಾರ ಕಣ್ಣಿಗೆ ಬೀಳುತ್ತದೆ?

ಸೇರುವುದು ಒಂದು ಒತ್ತಿಗೆ, ಬಿಡುವುದಕ್ಕೆ ಐದಾರು ಪುಟ ದಾಟಬೇಕು ಎನ್ನುವ ತಂತ್ರವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಂಥ ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯಲ್ಲಿ ಚಂದಾ ಬಲೆಯೂ ಒಂದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇದನ್ನು ಬಳಸಬೇಕು. ನೂರು ರೂಪಾಯಿಗೆ ಯಾಕೆ ದೂರು ಎಂದು ಸುಮ್ನೆ ಇರುವುದರಿಂದಲೇ ಇದು ನಡೆಯುತ್ತದೆ.

ಮನೆಗೊಂದರಿಂದ ತಲೆಗೊಂದಕ್ಕೆ

ರೇಡಿಯೋ ಮನೆಗೊಂದು, ಟಿವಿ ಮನೆಗೊಂದು, ಕೇಬಲ್ ಮನೆಗೊಂದು. ಮನೆಯಲ್ಲಿ ಆರು ಜನ ಇದ್ದರೂ ಖರ್ಚು ಅಷ್ಟೇ. ದೊಡ್ಡ ಸಂಸಾರಕ್ಕೆ ಅದೇ ಲಾಭ. ಡೇಟಾ ಹಾಗಲ್ಲ, ತಲೆಗೊಂದು. ಆರು ಜನ ಇದ್ದರೆ ಆರು ರೀಚಾರ್ಜ್. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಪಾಠಕ್ಕೆಂದು ಮಕ್ಕಳಿಗೆ ಫೋನ್ ಕೊಡಿಸಿದ ಮನೆಗಳು ಎಷ್ಟೋ. ಪಾಠ ಮತ್ತೆ ಶಾಲೆಗೆ ಹೋಯಿತು, ರೀಚಾರ್ಜ್ ಮಾತ್ರ ಮನೆಯಲ್ಲೇ ಉಳಿಯಿತು. ಅದೇ ವರ್ಷ ನಮ್ಮ ಶಿಕ್ಷಣ ಇಲಾಖೆ ಚಂದನದಲ್ಲಿ ಪಾಠ ಪ್ರಸಾರ ಮಾಡಿತ್ತು. ಅದಕ್ಕೆ ಡೇಟಾ ಬೇಕಿರಲಿಲ್ಲ, ಮನೆಯ ಟಿವಿ ಸಾಕಿತ್ತು.

ಇದರ ಹೊರೆ ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ. ದುಡ್ಡು ಬಿಗಿಯಾದಾಗ ಮನೆಯಲ್ಲಿ ಮೊದಲು ನಿಲ್ಲುವುದು ಯಾರ ರೀಚಾರ್ಜ್? ಬಹಳ ಮನೆಗಳಲ್ಲಿ ಅಮ್ಮನದು, ಅಜ್ಜಿಯದು. ಟಿವಿ ಇದ್ದಾಗ ರಾತ್ರಿ ಏಳರಿಂದ ಹತ್ತರವರೆಗೆ ರಿಮೋಟ್ ಅವರ ಕೈಯಲ್ಲಿತ್ತು. ಕೇಬಲ್ ತೆಗೆಸಿ ಎಲ್ಲರೂ ಫೋನಿಗೆ ಹೋದ ಮನೆಯಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಇಲ್ಲದ ಹೆಂಗಸರಿಗೆ ಧಾರಾವಾಹಿಯೂ ಇಲ್ಲ, ವಾರ್ತೆಯೂ ಇಲ್ಲ. ಖರ್ಚು ಉಳಿಸಲು ಕೇಬಲ್ ತೆಗೆಸಿದೆವು ಎನ್ನುವ ಮಾತಿನಲ್ಲಿ ಯಾರ ಪಾಲು ಉಳಿಯಿತು, ಯಾರ ಪಾಲು ಹೋಯಿತು ಎಂದು ಕೇಳಬೇಕು.

ಬರೀ ಕರೆ ಮಾಡಲು ಫೋನ್ ಇಟ್ಟುಕೊಂಡವರೂ ಬಹಳ ದಿನ ಡೇಟಾಗೆ ದುಡ್ಡು ಕಟ್ಟಿದರು, ಯಾಕೆಂದರೆ ಪ್ಯಾಕ್‌ಗಳೇ ಹಾಗಿದ್ದವು. ಟ್ರಾಯ್ 2024ರ ಡಿಸೆಂಬರ್‌ನಲ್ಲಿ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ಆದೇಶ ಮಾಡಿತು. ಅಂಥ ಪ್ಯಾಕ್‌ಗಳು ಈಗ ಸಿಗುತ್ತವೆ. ಕೀಪ್ಯಾಡ್ ಫೋನ್ ಇರುವ ಹಿರಿಯರಿಗೆ ರೀಚಾರ್ಜ್ ಮಾಡಿಸುವವರು ಅಂಗಡಿಯಲ್ಲಿ ಇದನ್ನೇ ಕೇಳಿ. ಕೇಳದಿದ್ದರೆ ಡೇಟಾ ಇರುವುದನ್ನೇ ಹಾಕುತ್ತಾರೆ.

ಇನ್ನು ತಿಂಗಳ ಬಾಡಿಗೆಯೇ ಇಲ್ಲದ ದಾರಿ ಒಂದಿದೆ, ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ತಟ್ಟೆ, ಬಾಕ್ಸ್‌ಗೆ ಒಂದು ಸಲ ಸುಮಾರು ಎರಡು ಸಾವಿರದ ಒಳಗೆ ಖರ್ಚು, ಆಮೇಲೆ ಏನೂ ಇಲ್ಲ. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳು ಇದನ್ನು ನೋಡುತ್ತವೆ ಎಂದು ಅಂದಾಜು. ಹಿಂದಿ ಸೀಮೆಯ ಬಡ ಮನೆಗಳಿಗೆ ಇದು ದೊಡ್ಡ ಆಸರೆ. ಹಿಂದಿ ಸಿನಿಮಾ, ಹಾಡು, ವಾರ್ತೆ, ಭೋಜ್‌ಪುರಿ ಚಾನೆಲ್ ಎಲ್ಲ ಅಲ್ಲಿ ಇವೆ. ಕನ್ನಡದ ಮನೆ ಅದೇ ತಟ್ಟೆ ಹಾಕಿಸಿದರೆ ಸಿಗುವುದು ಮುಖ್ಯವಾಗಿ ಚಂದನ. ಚಂದನ ನನಗೆ ಪ್ರೀತಿಯ ವಾಹಿನಿ, ಆದರೆ ಒಂದು ಚಾನೆಲ್ ನಂಬಿಕೊಂಡು ಯಾವ ಮನೆಯೂ ಕೇಬಲ್ ಬಿಡುವುದಿಲ್ಲ. ಜನ ದಿನಾ ನೋಡುವ ದೊಡ್ಡ ಕನ್ನಡ ಮನರಂಜನಾ ಚಾನೆಲ್‌ಗಳು ಅಲ್ಲಿ ಇಲ್ಲ. ಹಾಗಾಗಿ ಬಿಹಾರದ ಒಂದು ಬಡ ಮನೆ ತಿಂಗಳ ಬಿಲ್ಲಿಲ್ಲದೆ ನೋಡುವಷ್ಟನ್ನು ನೋಡಲು ಕೊಪ್ಪಳದ ಬಡ ಮನೆ ತಿಂಗಳಿಗೆ ಇನ್ನೂರೈವತ್ತು ಮುನ್ನೂರು ಕೊಡಬೇಕು.

ಫ್ರೀ ಡಿಶ್‌ನ ಜಾಗಗಳನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ. ಜಾಹೀರಾತಿನ ದೊಡ್ಡ ಮಾರುಕಟ್ಟೆ ಇರುವ ಹಿಂದಿ ಚಾನೆಲ್‌ಗಳು ಹೆಚ್ಚು ಬೆಲೆ ಕೂಗುತ್ತವೆ, ಕನ್ನಡದವು ಆ ಬೆಲೆಗೆ ಬರುವುದಿಲ್ಲ. ಪ್ರಾದೇಶಿಕ ಭಾಷೆಗಳಿಗೆ ಕಡಿಮೆ ದರದಲ್ಲಿ ಜಾಗ ಮೀಸಲಿಡುವುದು ಸಾರ್ವಜನಿಕ ಸಂಸ್ಥೆಗೆ ಆಗದ ಕೆಲಸವಲ್ಲ. ಇದನ್ನು ಕೇಳಬೇಕಾದವರು ನಮ್ಮ ಸಂಸದರು, ಲೋಕಸಭೆಯಲ್ಲೇ 28 ಜನ ಇದ್ದಾರೆ. ಜೊತೆಗೆ, ಕುಟುಂಬ ಖರ್ಚಿನ ಮುಂದಿನ ಸಮೀಕ್ಷೆಯಲ್ಲಿ ರೀಚಾರ್ಜ್ ಮೊತ್ತದ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇರಲಿ: ಇದರಲ್ಲಿ ವಿಡಿಯೋ, ಹಾಡು, ಆಟಕ್ಕೆ ಎಷ್ಟು ಹೋಗುತ್ತದೆ? ಅಂದಾಜು ಉತ್ತರ ಬಂದರೂ ಸಾಕು. ಶೇ 1ರ ಆಸುಪಾಸಿನಲ್ಲೇ ನಿಂತಿರುವ ಆ ಸಾಲನ್ನು ಆಗ ತಿದ್ದಬಹುದು.